ಆರಡಿ ಮೂರಂಗುಲದ ಒಂದು ಕಾಲ

ಮೇಲೆ ರಣಹದ್ದೊಂದು ರೆಕ್ಕೆ ಅಲುಗಿಸದೆ ತೇಲುತ್ತದೆ. ಕೆಳಗೆ ಕೆಂಪು ಬಂಡೆಗಳ ಬಟಾಬಯಲು. ಹಿನ್ನೆಲೆಯಲ್ಲಿ ಹೊಸೆ ಫೆಲಿಸಿಯಾನೋನ ಹಾಡು. ಅದರ ಒಂದು ಮಾತೂ ಅರ್ಥವಾಗದವರು ಕೂಡ ಆ ಧಾಟಿಯನ್ನು ಸಿಳ್ಳೆಯಲ್ಲಿ ಊದುತ್ತ ಮನೆಗೆ ನಡೆದರು. ಅರವತ್ತು ದಾಟಿದ ಯಾರ ಮುಂದಾದರೂ ‘ಮೆಕೆನ್ನಾಸ್ ಗೋಲ್ಡ್’ ಎಂದು ಬಾಯಿಬಿಟ್ಟು ನೋಡಿ. ಬೆಳಗಿನ ಬಿಸಿಲಿಗೆ ಬಂಡೆಯ ನೆರಳು ಉದ್ದಕ್ಕೆ ಚಾಚಿ ಬಂಗಾರದ ಕಣಿವೆಗೆ ದಾರಿ ತೋರಿಸಿದ್ದು, ಕೊನೆಗೆ ಇಡೀ ಬೆಟ್ಟವೇ ಕುಸಿದು ಬಿದ್ದದ್ದು, ಎಲ್ಲವನ್ನೂ ಕೈ ಬೀಸಿ ಬೀಸಿ ವರ್ಣಿಸುತ್ತಾರೆ. ಕಥೆ ಮುಗಿದ ಮೇಲೆ, “ಗ್ರೆಗರಿ ಪೆಕ್ ಕಣ್ರೀ, ಏನು ಆಳು!” ಎಂದು ಒಂದು ಉಸಿರು ಬಿಡುತ್ತಾರೆ.

1969ರ ಆ ಚಿತ್ರ ತನ್ನ ತವರಾದ ಅಮೆರಿಕದಲ್ಲಿ ಮಕಾಡೆ ಮಲಗಿತು. ಮುಗಿಬಿದ್ದು ನೋಡಿದವರು ನಾವು, ಮತ್ತು ಸೋವಿಯತ್ ದೇಶದವರು. ಸ್ವತಃ ಪೆಕ್‌ಗೆ ಆ ಸಿನಿಮಾದ ಬಗ್ಗೆ ಒಂದಿಷ್ಟೂ ಮೆಚ್ಚುಗೆ ಇರಲಿಲ್ಲ. ಇರದಿದ್ದರೇನಂತೆ! ನಕ್ಷೆಯನ್ನು ಒಮ್ಮೆ ನೋಡಿ ಬೆಂಕಿಗೆ ಹಾಕಿದ ಮಾರ್ಷಲ್ ಮೆಕೆನ್ನಾ, ಅವನ ತಲೆಯೊಳಗಿನ ದಾರಿಗಾಗಿ ಅವನನ್ನು ಕೊಲ್ಲದೆ ಎಳೆದುಕೊಂಡು ಹೋಗುವ ಒಮರ್ ಷರೀಫ್, ಇಷ್ಟು ಸಾಕಿತ್ತು ನಮಗೆ. ಇವತ್ತು ನೋಡಿದರೆ ಅದರಲ್ಲಿ ಅಪಾಚೆ ಜನರನ್ನು ತೋರಿಸಿದ ರೀತಿ ಮುಜುಗರ ತರುತ್ತದೆ. ಜೂಲಿ ನ್ಯೂಮರ್ ಎಂಬ ಬಿಳಿಯ ನಟಿಗೆ ಬಣ್ಣ ಬಳಿದು ಅಪಾಚೆ ಹುಡುಗಿ ಮಾಡಿದ್ದರು. ಆಗ ಅದು ಯಾರ ಕಣ್ಣಿಗೂ ಚುಚ್ಚಲಿಲ್ಲ. ನಮ್ಮ ಕಣ್ಣೆಲ್ಲ ಆ ಆರಡಿ ಮೂರಂಗುಲದ ಮನುಷ್ಯನ ಮೇಲೆ.

ನನ್ನ ಸೋದರಮಾವ ಮೈಸೂರಿನಲ್ಲಿ ಗುಮಾಸ್ತರಾಗಿದ್ದರು. ಬೇಸಿಗೆ ರಜೆಗೆ ಅವರ ಮನೆಗೆ ಹೋದರೆ ಭಾನುವಾರದ ಮಾರ್ನಿಂಗ್ ಶೋ ಕಡ್ಡಾಯ. ಮಧ್ಯಾಹ್ನದಿಂದ ರಾತ್ರಿಯವರೆಗೆ ಕನ್ನಡವೋ ಹಿಂದಿಯೋ ಓಡುವ ಟಾಕೀಸಿನಲ್ಲಿ ಬೆಳಗಿನ ಆಟಕ್ಕೆ ಮಾತ್ರ ಇಂಗ್ಲಿಷ್ ಸಿನಿಮಾ, ಅದೂ ಹತ್ತು ಹದಿನೈದು ವರ್ಷ ಹಳೆಯದು. ಪ್ರಿಂಟಿನ ತುಂಬ ಗೀರುಗಳ ಮಳೆ. ರೀಲು ತುಂಡಾದರೆ ಗಾಂಧಿ ಕ್ಲಾಸಿನಿಂದ ಸಿಳ್ಳೆಗಳ ಸುರಿಮಳೆ. ಮಾವ ಕತ್ತಲಲ್ಲಿ ನನ್ನ ಕಿವಿಗೆ ಬಾಗಿ ಕಥೆಯನ್ನು ಕನ್ನಡದಲ್ಲಿ ಹೇಳುತ್ತ ಹೋಗುತ್ತಿದ್ದರು. ಮುಂದಿನ ಸಾಲಿನವರು ಹಿಂದಕ್ಕೆ ತಿರುಗಿದಾಗ ನಾನು ಬೈಗುಳ ಬಂತೆಂದು ಮುದುಡಿ ಕೂರುತ್ತಿದ್ದೆ. ಅವರು, “ಸ್ವಲ್ಪ ಜೋರಾಗೇ ಹೇಳಿ ಸಾರ್, ನಮಗೂ ಕೇಳಲಿ” ಎನ್ನುತ್ತಿದ್ದರು.

ಹೀಗೆ ಮಾವನ ಬಾಯಲ್ಲಿ ಕನ್ನಡ ಮಾತಾಡುತ್ತಲೇ ಪೆಕ್ ನನ್ನ ಬಾಲ್ಯದೊಳಗೆ ಬಂದ. ಒಂದು ಭಾನುವಾರ ಹಡಗಿನ ಕ್ಯಾಪ್ಟನ್, ಇನ್ನೊಂದು ರಜೆಯಲ್ಲಿ ಗ್ರೀಸಿನ ದ್ವೀಪದ ಕಡಿದಾದ ಬಂಡೆ ಹತ್ತುವ ಗೂಢಚಾರ ಸೈನಿಕ, ಮತ್ತೊಮ್ಮೆ ರೋಮಿನ ಬೀದಿಯಲ್ಲಿ ವೆಸ್ಪಾ ಸ್ಕೂಟರಿನ ಹಿಂದೆ ಕೂತು ಕಂಗಾಲಾದ ಪತ್ರಕರ್ತ. ನಾನು ಗೊಂದಲದಿಂದ, “ಮಾವ, ಇವನು ಅವನೇನಾ?” ಎಂದರೆ, “ಅವನೇ ಕಣೋ, ಆದರೆ ಇವತ್ತು ಬೇರೆ ಪೆಕ್ಕು” ಎಂಬ ಉತ್ತರ ಬರುತ್ತಿತ್ತು. ಒಬ್ಬ ನಾಯಕನಟ ಹೀಗೆ ವಾರಕ್ಕೊಂದು ಲೋಕದಲ್ಲಿ ಪ್ರತ್ಯಕ್ಷನಾಗುವುದು ಆಗ ವಿಶೇಷವಲ್ಲ, ಅದೇ ರೂಢಿ. ಇಂದು ಅದು ನೆನಪು.

1916ರ ಏಪ್ರಿಲ್ 5ರಂದು ಕ್ಯಾಲಿಫೋರ್ನಿಯಾದ ಲಾ ಹೋಯಾ ಎಂಬ ಕಡಲ ತೀರದ ಊರಿನಲ್ಲಿ ಹುಟ್ಟಿದ ಹುಡುಗ ಎಲ್ಡ್ರೆಡ್ ಗ್ರೆಗರಿ ಪೆಕ್. ತಂದೆ ಔಷಧದಂಗಡಿಯವರು. ಹುಡುಗ ಚಿಕ್ಕವನಿದ್ದಾಗಲೇ ತಂದೆತಾಯಿ ಬೇರೆಯಾದರು, ಅವನು ಅಜ್ಜಿಯ ಮಡಿಲಿಗೆ ಬಿದ್ದ. ವಾರಕ್ಕೊಮ್ಮೆ ಮೊಮ್ಮಗನ ಕೈಹಿಡಿದು ಸಿನಿಮಾಕ್ಕೆ ಕರೆದೊಯ್ಯುತ್ತಿದ್ದವಳು ಆ ಅಜ್ಜಿ. ಬರ್ಕ್‌ಲಿಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಎಲ್ಡ್ರೆಡ್ ಎಂಬ ಹೆಸರನ್ನು ಹಿಂದೆಯೇ ಬಿಟ್ಟು ನ್ಯೂಯಾರ್ಕ್ ಸೇರಿದ. ಅಲ್ಲಿ ಮಾರ್ಥಾ ಗ್ರಹಾಂ ಕಲಿಸುತ್ತಿದ್ದ ನೃತ್ಯದ ತರಗತಿಯಲ್ಲಿ ಬೆನ್ನಿಗೆ ಪೆಟ್ಟು ಬಿತ್ತು, ಯುದ್ಧಕ್ಕೆ ಕರೆ ಬರಲಿಲ್ಲ. ಡಾನ್ಸ್ ಕ್ಲಾಸಿನಲ್ಲಿ ಬೆನ್ನು ಉಳುಕಿತು ಎಂದರೆ ಗಂಡಸುತನಕ್ಕೆ ಕುಂದು ಎಂದುಕೊಂಡ ಸ್ಟುಡಿಯೋದ ಪ್ರಚಾರದವರು ‘ಕಾಲೇಜಿನ ದೋಣಿ ಸ್ಪರ್ಧೆಯಲ್ಲಿ ಆದ ಗಾಯ’ ಎಂದು ಊರಿಗೆಲ್ಲ ಸಾರಿದರಂತೆ. ಇದನ್ನು ಅವನೇ ಮುಂದೆ ನಗುತ್ತ ಹೇಳಿಕೊಂಡಿದ್ದಾನೆ.

ಅವನು ಹಾಲಿವುಡ್‌ಗೆ ಬಂದಾಗ ಅಲ್ಲಿನ ಅನೇಕ ನಾಯಕನಟರು ಯುದ್ಧಕ್ಕೆ ಹೋಗಿದ್ದರು. ಎತ್ತರದ, ತುಂಬುದನಿಯ ಈ ಹೊಸಬನನ್ನು ಹಿಡಿದಿಟ್ಟುಕೊಳ್ಳಲು ಸ್ಟುಡಿಯೋಗಳು ಪೈಪೋಟಿಗೆ ಬಿದ್ದವು. ಆ ಕಾಲದ ಪದ್ಧತಿ ಏನೆಂದರೆ ನಟ ಒಂದು ಸ್ಟುಡಿಯೋಗೆ ಏಳು ವರ್ಷ ಬರೆದುಕೊಡಬೇಕು, ಅವರು ಕೊಟ್ಟ ಪಾತ್ರ ಮಾಡಬೇಕು. ಎಂಜಿಎಂನ ದೊರೆ ಲೂಯಿ ಬಿ. ಮೇಯರ್ ಕಣ್ಣೀರು ಹಾಕಿ ಕೇಳಿದರೂ ಪೆಕ್ ಹಾಗೆ ಬರೆದುಕೊಡಲಿಲ್ಲವೆಂಬ ಕಥೆ ಹಾಲಿವುಡ್‌ನಲ್ಲಿ ಪ್ರಸಿದ್ಧ. ಇನ್ನೂ ಹೆಸರು ಮಾಡದ ಹುಡುಗನಿಗೆ ಎಷ್ಟು ಎದೆಗಾರಿಕೆ! ಒಬ್ಬರಿಗೇ ಕಟ್ಟುಬೀಳದೆ ಹಲವು ಸ್ಟುಡಿಯೋಗಳ ಜತೆ ಬೇರೆ ಬೇರೆ ಒಪ್ಪಂದ ಮಾಡಿಕೊಂಡ. ಮಾವ ಹೇಳುತ್ತಿದ್ದ ‘ಬೇರೆ ಬೇರೆ ಪೆಕ್ಕು’ಗಳು ಹುಟ್ಟಿದ್ದು ಆ ಹಟದಿಂದ.

ಮೊದಲ ಚಿತ್ರದಲ್ಲಿ ರಷ್ಯದ ಗೆರಿಲ್ಲಾ. ಅದೇ 1944ರಲ್ಲಿ ಬಂದ ಎರಡನೆಯದರಲ್ಲಿ, ‘ದಿ ಕೀಸ್ ಆಫ್ ದಿ ಕಿಂಗ್‌ಡಮ್’ನಲ್ಲಿ, ಚೀನಾದ ಹಳ್ಳಿಯಲ್ಲಿ ಯೌವನದಿಂದ ಮುಪ್ಪಿನವರೆಗೆ ಸವೆಯುವ ಪಾದ್ರಿ. ಮರುವರ್ಷ ಹಿಚ್‌ಕಾಕ್‌ನ ‘ಸ್ಪೆಲ್‌ಬೌಂಡ್’ನಲ್ಲಿ ನೆನಪು ಕಳೆದುಕೊಂಡವನು. 1946ರಲ್ಲಿ ‘ದಿ ಇಯರ್ಲಿಂಗ್’ನ ಪ್ರೀತಿಯ ಅಪ್ಪ, ಅದೇ ವರ್ಷ ‘ಡ್ಯೂಯಲ್ ಇನ್ ದಿ ಸನ್’ನ ಪಕ್ಕಾ ಪೋಕರಿ. 1947ರಲ್ಲಿ ‘ಜಂಟಲ್‌ಮನ್ಸ್ ಅಗ್ರಿಮೆಂಟ್’. ಇದರಲ್ಲಿ ಅವನೊಬ್ಬ ಪತ್ರಕರ್ತ, ಯಹೂದಿಗಳನ್ನು ಸಭ್ಯರು ಹೇಗೆ ದೂರವಿಡುತ್ತಾರೆಂದು ತಿಳಿಯಲು ತಾನೇ ಯಹೂದಿ ಎಂದು ಹೇಳಿಕೊಂಡು ಬದುಕುತ್ತಾನೆ. ಈ ಪಾತ್ರ ಬೇಡವೆಂದು ಅವನ ಏಜೆಂಟನೇ ಎಚ್ಚರಿಸಿದ್ದನಂತೆ. 1949ರ ‘ಟ್ವೆಲ್ವ್ ಓ ಕ್ಲಾಕ್ ಹೈ’ನಲ್ಲಿ ತನ್ನ ಹುಡುಗರನ್ನು ಸಾವಿನ ಬಾಯಿಗೆ ಕಳಿಸಿ ಕಳಿಸಿ ಒಳಗೇ ಮುರಿದುಬೀಳುವ ವಾಯುಪಡೆಯ ಜನರಲ್. ಐದಾರು ವರ್ಷಗಳಲ್ಲಿ ನಾಲ್ಕು ಸಲ ಆಸ್ಕರ್‌ಗೆ ನಾಮನಿರ್ದೇಶನ, ಒಂದೂ ಕೈಗೆ ಸಿಗಲಿಲ್ಲ.

ಇಂದು ಒಬ್ಬ ತಾರೆಗೆ ಒಂದು ಪೋಷಾಕು ಒಪ್ಪಿತೆಂದರೆ ಹತ್ತು ವರ್ಷ ಅದೇ ಪೋಷಾಕು. ಒಂದನೇ ಭಾಗ, ಎರಡನೇ ಭಾಗ, ಮೂಲಕಥೆ, ಮೂಲಕಥೆಯ ಮೂಲಕಥೆ. ಹಸಿರು ಪರದೆಯ ಮುಂದೆ ನಿಂತು ಇಲ್ಲದ ರಾಕ್ಷಸನನ್ನು ನೋಡಿ ಬೆಚ್ಚುವ ಆ ಹುಡುಗರಲ್ಲಿ ಪ್ರತಿಭೆ ಇಲ್ಲವೆಂದು ನಾನು ಹೇಳಲಾರೆ. ಅವರಿಗೆ ಪಾದ್ರಿಯಾಗಲು, ಪೋಕರಿಯಾಗಲು, ಸೋಲಲು ಪುರುಸೊತ್ತು ಕೊಡುವವರು ಯಾರು? ಪೆಕ್ ಸೋತದ್ದೂ ದೊಡ್ಡದಾಗಿಯೇ. ಜಾನ್ ಹ್ಯೂಸ್ಟನ್‌ನ 1956ರ ‘ಮೊಬಿ ಡಿಕ್’ನಲ್ಲಿ ಬಿಳಿ ತಿಮಿಂಗಿಲದ ಹಿಂದೆ ಬಿದ್ದ ಕ್ಯಾಪ್ಟನ್ ಏಹಬ್ ಆದಾಗ ಅವನಿಗಿನ್ನೂ ನಲವತ್ತರ ಆಸುಪಾಸು. ಐರ್ಲೆಂಡಿನ ಯಾಲ್ ಎಂಬ ಊರಿನಲ್ಲಿ ಬಂದರು ಕಟ್ಟಿ, ಕೃತಕ ತಿಮಿಂಗಿಲವನ್ನು ಕಡಲಿನ ಅಲೆಗೆ ಕಳೆದುಕೊಂಡು ಪಡಬಾರದ ಪಾಡು ಪಟ್ಟರು. ಆ ಹುಚ್ಚು ಮುದುಕನ ಪಾತ್ರಕ್ಕೆ ಇವನು ಹೊಂದಲಿಲ್ಲವೆಂದರು ವಿಮರ್ಶಕರು, ಅವನೂ ಹೌದೆಂದು ಒಪ್ಪಿದ. ಆದರೂ ಕಥೆಯನ್ನು ಕೈಬಿಡಲಿಲ್ಲ. 1998ರಲ್ಲಿ ಅದೇ ಕಾದಂಬರಿ ಟಿವಿಗೆ ಬಂದಾಗ, ಹಿಂದಿನ ಚಿತ್ರದಲ್ಲಿ ಆರ್ಸನ್ ವೆಲ್ಸ್ ಮಾಡಿದ್ದ ಪಾದ್ರಿ ಮ್ಯಾಪಲ್‌ನ ಪಾತ್ರವನ್ನು ತಾನು ಮಾಡಿದ. ಆಗ ಅವನಿಗೆ ಎಂಬತ್ತು ದಾಟಿತ್ತು. ಅದಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು.

1950ರ ‘ದಿ ಗನ್‌ಫೈಟರ್’ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಜಿಮ್ಮಿ ರಿಂಗೋ ಹೆಸರಾಂತ ಬಂದೂಕುಗಾರ. ವಯಸ್ಸಾಗುತ್ತಿದೆ, ದಣಿದಿದ್ದಾನೆ, ಹೆಂಡತಿ ಮಗನನ್ನು ಒಮ್ಮೆ ನೋಡಬೇಕೆಂಬ ಆಸೆಯಿಂದ ಊರಿಗೆ ಬಂದು ಹೋಟೆಲಿನ ಮೂಲೆಯಲ್ಲಿ ಕೂತಿದ್ದಾನೆ. ಹೋದಲ್ಲೆಲ್ಲ ಅವನನ್ನು ಕೊಂದು ಹೆಸರು ಮಾಡಬೇಕೆಂಬ ಹುಡುಗರು. ಕುದುರೆ ಓಟ ಕಡಿಮೆ, ಗೋಡೆ ಗಡಿಯಾರದ ಕಡೆ ನೋಡುವುದೇ ಹೆಚ್ಚು. ಪೆಕ್ ಆ ಪಾತ್ರಕ್ಕಾಗಿ ಜೋಲು ಮೀಸೆ ಬಿಟ್ಟ. ಚಿತ್ರ ನಿರೀಕ್ಷೆಯಷ್ಟು ಓಡದಿದ್ದಾಗ, ಚೆಂದದ ಮುಖಕ್ಕೆ ಆ ಮೀಸೆ ಅಂಟಿಸಿ ದುಡ್ಡು ಕಳೆದರೆಂದು ಫಾಕ್ಸ್ ಸಂಸ್ಥೆಯ ಸ್ಪೈರಸ್ ಸ್ಕೂರಸ್ ಗೊಣಗಿದ್ದು ಇಂದಿಗೂ ಹಾಲಿವುಡ್‌ನ ತಮಾಷೆ. ಇಂದು ಅದು ವೆಸ್ಟರ್ನ್ ಚಿತ್ರಗಳಲ್ಲೇ ಶ್ರೇಷ್ಠವಾದವುಗಳ ಸಾಲಿನಲ್ಲಿದೆ. ನನ್ನನ್ನು ಕೇಳಿದರೆ ‘ಮೆಕೆನ್ನಾ’ಗಿಂತ ನೂರು ಪಾಲು ಮೇಲು. ಆದರೆ ಇದನ್ನು ಮಾವನೆದುರು ಹೇಳುವ ಧೈರ್ಯ ನನಗೆಂದೂ ಬರಲಿಲ್ಲ.

‘ರೋಮನ್ ಹಾಲಿಡೇ’ (1953) ಗೊತ್ತಿಲ್ಲದವರು ಈಗಲೂ ಕಡಿಮೆ. ಅರಮನೆಯಿಂದ ತಪ್ಪಿಸಿಕೊಂಡ ರಾಜಕುಮಾರಿ, ಅವಳ ಸುದ್ದಿ ಮಾರಿ ದುಡ್ಡು ಮಾಡಲು ಹೊರಟು ಮನಸ್ಸು ಸೋತ ಪತ್ರಕರ್ತ. ಆಡ್ರಿ ಹೆಪ್‌ಬರ್ನ್ ಆಗ ಹಾಲಿವುಡ್‌ಗೆ ತೀರಾ ಹೊಸಬಳು. ಒಪ್ಪಂದದ ಪ್ರಕಾರ ಚಿತ್ರದ ಹೆಸರಿನ ಮೇಲೆ ಪೆಕ್‌ನ ಹೆಸರೊಂದೇ ಇರಬೇಕಿತ್ತು. ಕೆಲವು ದಿನದ ಶೂಟಿಂಗ್ ನೋಡಿದವನೇ, ‘ಈ ಹುಡುಗಿ ಆಸ್ಕರ್ ಗೆಲ್ಲುತ್ತಾಳೆ, ಅವಳ ಹೆಸರನ್ನೂ ನನ್ನ ಹೆಸರಿನ ಜತೆ ಹಾಕಿ, ಇಲ್ಲದಿದ್ದರೆ ನಾನು ಪೆದ್ದನಾಗಿ ಕಾಣುತ್ತೇನೆ’ ಎಂದು ಹೇಳಿ ಕಳಿಸಿದ. ಅವಳು ಗೆದ್ದಳು. ಸತ್ಯದ ಬಾಯಿ ಎಂಬ ಕಲ್ಲಿನ ಮುಖದೊಳಗೆ ಕೈಯಿಟ್ಟು, ಕೈಯನ್ನು ಅಂಗಿಯ ತೋಳೊಳಗೆ ಅಡಗಿಸಿ, ತುಂಡಾಯಿತೆಂದು ನಟಿಸುವ ದೃಶ್ಯ ಇದೆಯಲ್ಲ, ಅದನ್ನು ಅವಳಿಗೆ ಮೊದಲೇ ಹೇಳಿರಲಿಲ್ಲ. ಅವಳ ಕಿರುಚಾಟ ನಿಜವಾದದ್ದು. ಇಡೀ ಟಾಕೀಸು ಅವಳ ಜತೆಗೇ ಕಿರುಚುತ್ತಿತ್ತು.

ಕೊನೆಯಲ್ಲಿ ಕೊಲೊನ್ನಾ ಅರಮನೆಯ ಉದ್ದನೆಯ ಹಜಾರದಲ್ಲಿ ಎಲ್ಲರೂ ಹೋದ ಮೇಲೆ ಪೆಕ್ ಒಬ್ಬನೇ ಜೇಬಿನಲ್ಲಿ ಕೈಯಿಟ್ಟು ನಿಧಾನ ನಡೆದು ಬರುತ್ತಾನೆ. ಮಾತಿಲ್ಲ. ಹೆಜ್ಜೆಯ ಸದ್ದು ಮಾತ್ರ. ಆ ನಡಿಗೆಯನ್ನು ಇಂದಿನ ಸಂಕಲನಕಾರರು ಮೂರು ಸೆಕೆಂಡಿಗೆ ಕತ್ತರಿಸಿಬಿಟ್ಟಾರು. ಆಗ ಮುಂಬೈಯ ತಾರೆ ಸುರೈಯಾ ಪೆಕ್‌ನ ಕಟ್ಟಾ ಅಭಿಮಾನಿ, ದೇವ್ ಆನಂದ್‌ಗೆ ‘ಭಾರತದ ಗ್ರೆಗರಿ ಪೆಕ್’ ಎಂಬ ಬಿರುದು. ನಮ್ಮೂರಿನ ಕ್ಷೌರದಂಗಡಿಗಳಲ್ಲಿ ಕೂದಲನ್ನು ಮುಂದಕ್ಕೆ ಉಬ್ಬಿಸಿಕೊಂಡವರಲ್ಲಿ ಅರ್ಧ ಜನಕ್ಕೆ ಅದು ದೇವ್ ಆನಂದ್ ಶೈಲಿ ಎಂದು ಗೊತ್ತಿತ್ತು, ಅದರ ಹಿಂದೆ ಇನ್ನೊಬ್ಬನಿದ್ದಾನೆಂದು ಗೊತ್ತಿರಲಿಲ್ಲ.

ಅವನು ಮಹಾನಟನೇ? ಬ್ರ್ಯಾಂಡೋನನ್ನು ನೋಡಿ ಬಂದವರು ‘ಪೆಕ್ ಬರೀ ಮರದ ಕೊರಡು’ ಎಂದು ಮೂಗು ಮುರಿಯುತ್ತಿದ್ದರು. ಬ್ರ್ಯಾಂಡೋನ ಹಾಗೆ ಅವನು ಮೈಮೇಲೆ ಬಂದವನಂತೆ ನಟಿಸಲಿಲ್ಲ ನಿಜ. ಅವನಿಗಿದ್ದ ವಿದ್ಯೆ ಕೇಳಿಸಿಕೊಳ್ಳುವುದು. ಎದುರಿನವರು ಮಾತಾಡುವಾಗ ಅವನ ಮುಖ ನೋಡಬೇಕು. ಮದುವೆ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಯ ಪಂಕ್ತಿಗೆ ಊಟಕ್ಕೆ ಕೂರುವ ಹಿರಿಯಣ್ಣನ ಹಾಗೆ ದೃಶ್ಯವನ್ನು ಇತರರಿಗೆ ಬಿಟ್ಟುಕೊಟ್ಟು ತಾನು ಕಾಯುತ್ತಾನೆ. ‘ಕೇಪ್ ಫಿಯರ್’ (1962) ಅವನದೇ ನಿರ್ಮಾಣ, ಆ ಹೆಸರನ್ನು ಆರಿಸಿದ್ದೂ ಅವನೇ. ಅದರಲ್ಲಿ ಮೆರೆಯುವ ಅವಕಾಶವನ್ನೆಲ್ಲ ಖಳನಾದ ರಾಬರ್ಟ್ ಮಿಚಮ್‌ಗೆ ಕೊಟ್ಟು, ತಾನು ಹೆದರಿದ ಗೃಹಸ್ಥನ ಪಾತ್ರ ಇಟ್ಟುಕೊಂಡ. ತಾನೇ ದುಡ್ಡು ಹಾಕಿದ ಚಿತ್ರದಲ್ಲಿ ಹೀಗೆ ಮಾಡುವ ನಾಯಕನನ್ನು ಇಂದು ಎಲ್ಲಿ ಹುಡುಕೋಣ?

ಅದೇ 1962ರ ಕೊನೆಯಲ್ಲಿ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಬಂತು. ಅಲಬಾಮಾದ ಸಣ್ಣ ಊರು, 1930ರ ದಶಕದ ಬಡತನ. ಮಾಡದ ಅತ್ಯಾಚಾರದ ಆರೋಪ ಹೊತ್ತ ಕರಿಯ ಕೂಲಿಯಾಳು ಟಾಮ್ ರಾಬಿನ್‌ಸನ್. ಅವನ ಪರ ನಿಲ್ಲುವ ಬಿಳಿಯ ವಕೀಲ ಅಟಿಕಸ್ ಫಿಂಚ್, ಇಬ್ಬರು ಮಕ್ಕಳ ವಿಧುರ ತಂದೆ. ಹಾರ್ಪರ್ ಲೀ ತಮ್ಮ ತಂದೆಯನ್ನೇ ಮನಸ್ಸಿನಲ್ಲಿಟ್ಟು ಬರೆದ ಪಾತ್ರ. ಶೂಟಿಂಗಿನ ಮೊದಲ ದಿನ ಪೆಕ್ ವಕೀಲನ ಸೂಟು ತೊಟ್ಟು ಬಂದಾಗ ಲೇಖಕಿಯ ಕಣ್ಣಲ್ಲಿ ನೀರು. ಅಪ್ಪನ ಹಾಗೆಯೇ ಸಣ್ಣ ಹೊಟ್ಟೆ ಬಂದಿದೆಯಲ್ಲ ಎಂದರಂತೆ. ಅದು ಹೊಟ್ಟೆಯಲ್ಲ, ಅಭಿನಯ ಎಂಬರ್ಥದಲ್ಲಿ ಪೆಕ್ ಉತ್ತರ ಕೊಟ್ಟ. ಚಿತ್ರ ತೆರೆಗೆ ಬರುವ ಮೊದಲೇ ಲೀ ಅವರ ತಂದೆ ತೀರಿಕೊಂಡರು. ಅಪ್ಪನ ಜೇಬು ಗಡಿಯಾರವನ್ನು ಮಗಳು ಪೆಕ್‌ಗೆ ಕೊಟ್ಟರು. 1963ರ ಏಪ್ರಿಲ್‌ನಲ್ಲಿ ಆಸ್ಕರ್ ತೆಗೆದುಕೊಳ್ಳಲು ವೇದಿಕೆ ಹತ್ತಿದಾಗ ಆ ಗಡಿಯಾರ ಅವನ ಬಳಿ ಇತ್ತು.

ಆ ಊರಿನ ಬೀದಿಯ ಕಥೆಯೂ ಒಂದಿದೆ. ಕಾದಂಬರಿಯ ಕಾಲದ ಚಹರೆ ಅಲಬಾಮಾದ ಆ ಊರಿನಲ್ಲೇ ಹೆಚ್ಚು ಉಳಿದಿರಲಿಲ್ಲ. ಲಾಸ್ ಏಂಜಲೀಸಿನಲ್ಲಿ ಹೊಸ ಕಟ್ಟೋಣಕ್ಕಾಗಿ ಕೆಡವಲು ಗುರುತು ಹಾಕಿದ್ದ ಹಳೆಯ ಮರದ ಮನೆಗಳನ್ನು ಕಲಾನಿರ್ದೇಶಕರು ಅಗ್ಗಕ್ಕೆ ಕೊಂಡು ಯೂನಿವರ್ಸಲ್ ಸ್ಟುಡಿಯೋದ ಹಿತ್ತಲಿಗೆ ಸಾಗಿಸಿ ಬೀದಿ ಮಾಡಿದರು. ಅವರಿಗೂ ಆಸ್ಕರ್ ಬಂತು. ಯಾರದೋ ಮುರಿಯಲಿದ್ದ ಜಗಲಿ ಅಟಿಕಸ್‌ನ ಜಗಲಿಯಾಗಿ ಉಳಿಯಿತು. ನಮ್ಮಲ್ಲಿ ಕೆಡವಿದ ಮನೆಗಳಿಗೆ ಇಷ್ಟು ಪುಣ್ಯವೂ ಇಲ್ಲ.

ನ್ಯಾಯಾಲಯದ ಆ ದೀರ್ಘ ವಾದವನ್ನು ಪೆಕ್ ಕೈ ಎತ್ತಿ ಅಬ್ಬರಿಸದೆ, ಕನ್ನಡಕ ತೆಗೆದು, ಬೆವರು ಒರೆಸಿ, ನೆರೆಯವರ ಜತೆ ಮಾತಾಡುವ ಹಾಗೆ ಮಾಡುತ್ತಾನೆ. ಮತ್ತು ಸೋಲುತ್ತಾನೆ. ಕೆಳಗೆ ಬಿಳಿಯರೆಲ್ಲ ಹೋದ ಮೇಲೂ ಮೇಲಿನ ಉಪ್ಪರಿಗೆಯಲ್ಲಿ ಕೂತ ಕರಿಯ ಜನ ಕದಲುವುದಿಲ್ಲ. ಅವನು ಕಾಗದ ಜೋಡಿಸಿಕೊಂಡು ಹೊರಡುವಾಗ ಒಬ್ಬೊಬ್ಬರಾಗಿ ಎದ್ದು ನಿಲ್ಲುತ್ತಾರೆ. ಅಲ್ಲಿಗೆ ಬಂದಾಗ ಮಾವ ಕನ್ನಡ ಹೇಳುವುದನ್ನು ನಿಲ್ಲಿಸಿದರು. ಮುಂದಿನ ಸಾಲಿನವರು ಕೇಳಲೂ ಇಲ್ಲ.

ಆ ಅಟಿಕಸ್ ಕೂಡ ಇಂದು ಅಂದಿನವನಾಗಿ ಉಳಿದಿಲ್ಲ. 2015ರಲ್ಲಿ ಲೀ ಅವರ ಇನ್ನೊಂದು ಕಾದಂಬರಿ ‘ಗೋ ಸೆಟ್ ಎ ವಾಚ್‌ಮನ್’ ಪ್ರಕಟವಾಯಿತು. ಅದರಲ್ಲಿ ಮುದಿ ಅಟಿಕಸ್ ವರ್ಣಭೇದ ಬಿಡಬಾರದೆನ್ನುವವರ ಸಭೆಯಲ್ಲಿ ಕೂತಿರುತ್ತಾನೆ. ಓದಿ ಎದೆ ಧಸಕ್ಕೆಂದಿತು. ಒಬ್ಬ ಬಿಳಿಯ ಮಹಾಪುರುಷ ಕರಿಯರನ್ನು ಕಾಪಾಡುವ ಕಥೆಯಲ್ಲಿ ಕರಿಯರಿಗೆ ಮಾತೇ ಇಲ್ಲವಲ್ಲ ಎಂದು ಹೊಸ ತಲೆಮಾರು ಕೇಳುವ ಪ್ರಶ್ನೆಯೂ ನ್ಯಾಯವಾದದ್ದೇ. ಅದನ್ನೆಲ್ಲ ಒಪ್ಪಿಯೂ ಹೇಳುತ್ತೇನೆ, ಅವನ ಕೈಯಲ್ಲಿ ಆ ಪಾತ್ರ ಬರೀ ನಟನೆಯಾಗಿರಲಿಲ್ಲ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ಆಸ್ಕರ್ ಸಮಾರಂಭಕ್ಕೆ ನಾಲ್ಕೇ ದಿನ ಉಳಿದಿತ್ತು. ಪೆಕ್ ಆಗ ಅಕಾಡೆಮಿಯ ಅಧ್ಯಕ್ಷ. ಅಂತ್ಯಕ್ರಿಯೆ 9ಕ್ಕೆ, ಸಮಾರಂಭವನ್ನು 8ರಿಂದ 10ಕ್ಕೆ ಮುಂದೂಡಿಸಿದ. ರಾಷ್ಟ್ರಾಧ್ಯಕ್ಷ ನಿಕ್ಸನ್‌ನ ಶತ್ರುಗಳ ಪಟ್ಟಿಯಲ್ಲಿ ಅವನ ಹೆಸರಿತ್ತು. ಟಾಮ್ ರಾಬಿನ್‌ಸನ್ ಪಾತ್ರದ ಬ್ರಾಕ್ ಪೀಟರ್ಸ್ ಅವನಿಗೆ ಕೊನೆಯವರೆಗೂ ಗೆಳೆಯ. ಅಟಿಕಸ್‌ನ ಮಗಳು ಸ್ಕೌಟ್ ಆಗಿದ್ದ ಮೇರಿ ಬ್ಯಾಡಮ್ ಎಷ್ಟೇ ದೊಡ್ಡವಳಾದರೂ ಅವನಿಗೆ ಸ್ಕೌಟ್.

ಪಾತ್ರದ ಹಿಂದಿನ ಮನುಷ್ಯನನ್ನು ನಂಬುವುದು ನಮ್ಮವರಿಗೆ ಅಪರಿಚಿತ ಸಂಗತಿಯೇನಲ್ಲ. ಬೇಡರ ಕಣ್ಣಪ್ಪನಾಗಿ ಬಂದ ರಾಜಕುಮಾರ್ ಮುಂದೆ ಗೂಢಚಾರ 999 ಆದರು, ‘ಬಂಗಾರದ ಮನುಷ್ಯ’ದ ರಾಜೀವನಾದರು, ಮಯೂರನಾದರು, ಕಾಳಿದಾಸನಾದರು. ಪಾತ್ರ ಎಷ್ಟು ಬದಲಾದರೂ ಒಳಗಿನ ಮನುಷ್ಯ ಒಳ್ಳೆಯವನೆಂಬ ನಂಬಿಕೆ ಜನರದು. ಪೆಕ್‌ಗೂ ಆ ನಂಬಿಕೆ ಒಮ್ಮೊಮ್ಮೆ ಭಾರವಾಗಿರಬೇಕು. ಇಲ್ಲದಿದ್ದರೆ 1978ರಲ್ಲಿ, ಅರವತ್ತು ದಾಟಿದ ಮೇಲೆ, ‘ದಿ ಬಾಯ್ಸ್ ಫ್ರಂ ಬ್ರೆಜಿಲ್’ನಲ್ಲಿ ನಾಜಿ ವೈದ್ಯ ಮೆಂಗೆಲೆ ಆಗುವ ಹುಮ್ಮಸ್ಸು ಎಲ್ಲಿಂದ ಬರಬೇಕು? ಬಿಳಿಚಿದ ಮುಖ, ಕಪ್ಪು ಮೀಸೆ. ಎದುರಿಗೆ ಲಾರೆನ್ಸ್ ಒಲಿವಿಯೆ. ಅದಕ್ಕೂ ಎರಡು ವರ್ಷ ಮೊದಲು ‘ದಿ ಓಮೆನ್’ನಲ್ಲಿ ತನ್ನ ಮನೆಯಲ್ಲಿ ಬೆಳೆಯುತ್ತಿರುವುದು ಸೈತಾನನ ಕೂಸೆಂದು ತಿಳಿದ ಅಪ್ಪ. ಅದರ ಹಿಂದಿನ ವರ್ಷವಷ್ಟೇ ತನ್ನ ಹಿರಿಯ ಮಗನನ್ನು ಕಳೆದುಕೊಂಡಿದ್ದ ಮನುಷ್ಯ ಆ ಪಾತ್ರವನ್ನು ಹೇಗೆ ಮಾಡಿದನೋ! 1991ರಲ್ಲಿ ಮಾರ್ಟಿನ್ ಸ್ಕಾರ್ಸೀಸ್ ‘ಕೇಪ್ ಫಿಯರ್’ ಅನ್ನು ಮತ್ತೆ ತೆಗೆದಾಗ, ಹಳೆಯ ಚಿತ್ರದಲ್ಲಿ ಖಳನಿಂದ ಹೆದರಿದ್ದವನೇ ಹೊಸತರಲ್ಲಿ ಆ ಖಳನ ಪರ ವಾದಿಸುವ ವಕೀಲನಾಗಿ ಬಂದು ಕಣ್ಣು ಮಿಟುಕಿಸಿ ಹೋದ.

2003ರ ಜೂನ್ ಆರಂಭದಲ್ಲಿ ಅಮೆರಿಕನ್ ಫಿಲಂ ಇನ್‌ಸ್ಟಿಟ್ಯೂಟ್ ಅಟಿಕಸ್ ಫಿಂಚ್‌ನನ್ನು ಅಮೆರಿಕದ ಸಿನಿಮಾದ ಅತಿ ದೊಡ್ಡ ನಾಯಕ ಪಾತ್ರವೆಂದು ಸಾರಿತು. ಜೂನ್ 12ರಂದು ಪೆಕ್ ತೀರಿಕೊಂಡ. ಎಂಬತ್ತೇಳು ವಯಸ್ಸು. ಅಂತ್ಯಕ್ರಿಯೆಯಲ್ಲಿ ಅವನ ಬಗ್ಗೆ ಮಾತಾಡಿದ್ದು ಬ್ರಾಕ್ ಪೀಟರ್ಸ್. ಹಿಂದೆ ತೆರೆಯ ಮೇಲೆ ಕಟಕಟೆಯಲ್ಲಿ ಕೂತಿದ್ದವನು ಈಗ ತನ್ನ ವಕೀಲನ ಪರ ಎರಡು ಮಾತಾಡಿದ.

ಈಗ ಅವನ ಚಿತ್ರಗಳೆಲ್ಲ ಕೈಯಳತೆಯಲ್ಲಿವೆ. ಗೀರಿಲ್ಲ, ಮಳೆಯಿಲ್ಲ, ಕೆಳಗೆ ಮಾತುಗಳು ಅಕ್ಷರದಲ್ಲಿ ಬರುತ್ತವೆ. ಬಾಲ್ಯದಲ್ಲಿ ಅರ್ಧಂಬರ್ಧ ತಿಳಿದದ್ದು ಈಗ ಪೂರ್ತಿ ತಿಳಿಯುತ್ತದೆ. ಮಾವ ಅಲ್ಲಲ್ಲಿ ತಮ್ಮದೇ ಕಥೆ ಸೇರಿಸಿದ್ದರೆಂಬುದೂ! ಈ ಉಪಕಾರವನ್ನು ಅಲ್ಲಗಳೆಯಲಾರೆ. ಆದರೆ ಬೆಂಗಳೂರಿನಲ್ಲಿ ಇಂಗ್ಲಿಷ್ ಚಿತ್ರವೆಂದರೆ ನೆನಪಾಗುತ್ತಿದ್ದ ಪ್ಲಾಜಾ ಇಲ್ಲ, ಗ್ಯಾಲಕ್ಸಿ ಇಲ್ಲ, ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಕತ್ತಲಲ್ಲಿ ಅಪರಿಚಿತರ ಭುಜಕ್ಕೆ ಭುಜ ತಾಗಿಸಿ ಒಂದೇ ಮುಖವನ್ನು ತಲೆ ಎತ್ತಿ ನೋಡುತ್ತಿದ್ದೆವು. ಈಗ ಅದೇ ಮುಖ ಅಂಗೈಯಲ್ಲಿ, ತಲೆ ತಗ್ಗಿಸಿ ನೋಡುವುದು. ಅಟಿಕಸ್‌ನ ವಾದ ಎರಡು ನಿಮಿಷದ ತುಣುಕಾಗಿ ಬರುತ್ತದೆ, ಹೆಬ್ಬೆರಳು ಸರಿಸಿದರೆ ಮುಂದೆ ಬೆಕ್ಕಿನ ಮರಿ. ನಮ್ಮ ಮನೆಯ ಹುಡುಗರಿಗೆ ಅವನ ಹೆಸರು ಹೇಳಿದರೆ, “ಯಾವ ಸೀರೀಸ್‌ನಲ್ಲಿ ಬರ್ತಾರೆ?” ಎನ್ನುತ್ತಾರೆ. ತಪ್ಪು ಅವರದಲ್ಲ. ಸೀರೀಸಿಲ್ಲದ ನಾಯಕನನ್ನು ಅವರು ಕಂಡೇ ಇಲ್ಲ.

ಎಪ್ಪತ್ತೊಂಬತ್ತನೆಯ ವಯಸ್ಸಿನ ಆಸುಪಾಸಿನಲ್ಲಿ ಪೆಕ್ ಅಮೆರಿಕದ ಊರೂರು ಸುತ್ತಿ ರಂಗಮಂದಿರಗಳಲ್ಲಿ ಜನರೆದುರು ಕೂರುತ್ತಿದ್ದ. ಹಳೆಯ ಚಿತ್ರದ ತುಣುಕುಗಳನ್ನು ತೋರಿಸುವುದು, ಆಮೇಲೆ ಕುರ್ಚಿಯಲ್ಲಿ ಕೂತು ಪ್ರೇಕ್ಷಕರ ಪ್ರಶ್ನೆಗೆ ಉತ್ತರಿಸುವುದು, ಅಷ್ಟೇ ಕಾರ್ಯಕ್ರಮ. ಬಾರ್ಬರಾ ಕೋಪಲ್ ಅದನ್ನು ಸಾಕ್ಷ್ಯಚಿತ್ರವಾಗಿ ಹಿಡಿದಿಟ್ಟಿದ್ದಾರೆ. ನೋಡುವಾಗ ನನಗೆ ಹೊಟ್ಟೆಕಿಚ್ಚಾಯಿತು. ಮೈಸೂರಿನ ಗಾಂಧಿ ಕ್ಲಾಸಿನವರ ಬಳಿ ಕೇಳಲು ಎಷ್ಟೊಂದು ಪ್ರಶ್ನೆಗಳಿದ್ದವು!

ಅವನು ನಮಗೆ ತೀರ ಹತ್ತಿರ ಬಂದದ್ದು ‘ದಿ ಸೀ ವುಲ್ವ್ಸ್’ ಸಮಯದಲ್ಲಿ. 1943ರಲ್ಲಿ ಕಲ್ಕತ್ತಾ ಲೈಟ್ ಹಾರ್ಸ್ ಎಂಬ ದಳದ ವಯಸ್ಸಾದ, ಹೊಟ್ಟೆ ಬಂದ ಬ್ರಿಟಿಷರು ದೋಣಿಯಲ್ಲಿ ಪೋರ್ಚುಗೀಸರ ಗೋವಾಕ್ಕೆ ಬಂದು ಮರ್ಮಗೋವಾ ಬಂದರಿನಲ್ಲಿದ್ದ ಜರ್ಮನ್ ಹಡಗು ಎಹ್ರೆನ್‌ಫೆಲ್ಸ್ ಮೇಲೆ ಎರಗಿದ ನಿಜ ಕಥೆ. ಪೆಕ್, ಡೇವಿಡ್ ನಿವೆನ್, ರೋಜರ್ ಮೂರ್ ಎಲ್ಲರೂ ಗೋವಾಕ್ಕೆ ಬಂದು ಚಿತ್ರೀಕರಣ ಮಾಡಿದರು. ಮುದಿ ಸೈನಿಕರ ಕೊನೆಯ ಸಾಹಸವನ್ನು ಮುದಿ ತಾರೆಗಳು ಆಡಿದ, ಸಾಧಾರಣವಾದ ಆದರೆ ಮುದ್ದು ಬರುವ ಚಿತ್ರ. ಪೆಕ್ ಗೋವಾದಲ್ಲಿದ್ದಾನೆಂದು ಪೇಪರಿನಲ್ಲಿ ಓದಿದ ಮಾವ ರಜೆಗೆ ಅರ್ಜಿ ಹಾಕಿದರು. ಮಾರ್ಚಿ ತಿಂಗಳ ಲೆಕ್ಕಪತ್ರದ ನೆಪ ಹೇಳಿ ಮೇಲಿನವರು ರಜೆ ಕೊಡಲಿಲ್ಲ. ಅತ್ತೆ, “ಹೋಗಿದ್ದರೂ ಅವನ ಹತ್ತಿರ ಏನಂತ ಮಾತಾಡ್ತಿದ್ರಿ?” ಎಂದರೆ ಮಾವ, “ಮಾತಾಡೋದೇನು, ಅವನು ಮಾತಾಡಿದ್ದನ್ನ ಪಕ್ಕದವರಿಗೆ ಕನ್ನಡದಲ್ಲಿ ಹೇಳ್ತಿದ್ದೆ” ಎಂದರು.

1980ರಲ್ಲಿ ತಯಾರಾದ ಆ ಚಿತ್ರ ಮೈಸೂರಿಗೆ ಬಂದಾಗ ಇಬ್ಬರೂ ಹೋದೆವು. ಮಾವ ಅಂದು ಕಥೆ ಹೇಳುವ ಗೋಜಿಗೇ ಹೋಗಲಿಲ್ಲ. ಪೆಕ್‌ನ ಹಿಂದಿನ ತೆಂಗಿನ ಮರ, ಹೆಂಚಿನ ಮನೆ, ತಿರುವಿನ ರಸ್ತೆಗಳನ್ನು ಹುಬ್ಬು ಗಂಟಿಕ್ಕಿ ನೋಡುತ್ತಲೇ ಇದ್ದರು. ಇಂಟರ್‌ವಲ್‌ನಲ್ಲಿ ಕಡಲೆಕಾಯಿ ಪೊಟ್ಟಣ ಬಿಚ್ಚುತ್ತ ಕೇಳಿದರು: “ಲೋ, ಕಾರವಾರದಿಂದ ಅಲ್ಲಿಗೆ ಎಷ್ಟು ಹೊತ್ತಿನ ಬಸ್ಸೋ?”